ಗುಡ್ಡದ ಕೋಟೆಯನ್ನು ಅಳೆದು ಬರೆದಿಡುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಕೋಟೆಗಳಲ್ಲಿ ಹೆಸರಾದವು ಬೆರಳೆಣಿಕೆಯಷ್ಟು. ಅವುಗಳಿಗೆ ಫಲಕವಿದೆ, ಪುಸ್ತಕಗಳಲ್ಲಿ ಒಂದೆರಡು ಪುಟವಿದೆ. ಉಳಿದವು ಊರ ಹಿಂದಿನ ಗುಡ್ಡದ ಮೇಲೆ ಜಾಲಿ ಕಂಟಿಯ ನಡುವೆ ಹಾಗೇ ನಿಂತಿವೆ. ಅಲ್ಲಿನ ಕಲ್ಲು ವರ್ಷ ವರ್ಷಕ್ಕೂ ಒಂದಿಷ್ಟು ಹೊಲದ ಬದುವಿಗೆ, ಮನೆಯ ಪಾಯಕ್ಕೆ ಇಳಿಯುತ್ತದೆ. ನಿಧಿಗಳ್ಳರು ಹೊಸ್ತಿಲು ಕೀಳುತ್ತಾರೆ. ಗೋಡೆ ಬಿದ್ದ ಮೇಲೆ ಅದು ಹೇಗಿತ್ತು ಎಂದು ಹೇಳಲು ಒಂದು ಅಳತೆಯೂ ಇರುವುದಿಲ್ಲ. ಊರಿನ ಶಿಕ್ಷಕರು, ಕಾಲೇಜಿನ ಹುಡುಗ ಹುಡುಗಿಯರು, ಇತಿಹಾಸದಲ್ಲಿ ಆಸಕ್ತಿ ಇರುವ ಯಾರೇ ಆದರೂ ನಾಲ್ಕು ಜನ ಸೇರಿ ಮನಸ್ಸಿಟ್ಟು ದುಡಿದರೆ, ಸಣ್ಣದೊಂದು ಗುಡ್ಡದ ಕೋಟೆಯನ್ನು ನಾಳೆ ಬೇರೆಯವರು ನಂಬಿ ಬಳಸುವ ಹಾಗೆ ಅಳೆದಿಡಬಹುದು. ದುಬಾರಿ ಯಂತ್ರ ಬೇಕಿಲ್ಲ. ಎಲ್ಲಿ ನೋಡಬೇಕು, ಯಾವುದರಲ್ಲಿ ಮೋಸಹೋಗುತ್ತೇವೆ ಎಂಬುದು ಗೊತ್ತಿರಬೇಕು.

ಮೊದಲು ಗುಡ್ಡ, ಆಮೇಲೆ ಗೋಡೆ

ಬಯಲಿನ ಕೋಟೆಯಲ್ಲಿ ಗೋಡೆಯೇ ಎಲ್ಲ. ನಮ್ಮ ಗ್ರಾನೈಟ್ ಗುಡ್ಡಗಳಲ್ಲಿ ಅರ್ಧ ಕೋಟೆಯನ್ನು ಗುಡ್ಡವೇ ಕಟ್ಟಿಕೊಟ್ಟಿದೆ. ಬಂಡೆ ನೆಟ್ಟಗೆ ನಿಂತ ಕಡೆ ಕಟ್ಟಿದವರು ಒಂದು ಕಲ್ಲನ್ನೂ ಇಟ್ಟಿಲ್ಲ. ಎರಡು ಬಂಡೆಗಳ ನಡುವಿನ ಸಂದಿಯನ್ನಷ್ಟೇ ಮುಚ್ಚಿದ್ದಾರೆ. ಹಾಗಾಗಿ ಗೋಡೆಯನ್ನು ಮಾತ್ರ ನಕ್ಷೆಗೆ ಇಳಿಸಿದರೆ ತುಂಡು ತುಂಡು ಗೆರೆ ಸಿಗುತ್ತದೆ, ನೋಡಿದವರು ‘ನಡುವಿನ ಗೋಡೆಯೆಲ್ಲ ಬಿದ್ದುಹೋಗಿದೆ’ ಎಂದುಕೊಳ್ಳುತ್ತಾರೆ. ಹೊಸಬರು ಬರೆದ ನಕ್ಷೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಇದೇ.

ಒಂದು ಜಾಗದಲ್ಲಿ ಗೋಡೆ ಇತ್ತೋ ಇಲ್ಲವೋ ಎಂದು ತಿಳಿಯಲು ಎರಡು ಗುರುತು ನೋಡಿ. ಮೊದಲನೆಯದು, ಬಂಡೆಯ ನೆತ್ತಿಯಲ್ಲಿ ಕಲ್ಲು ಕೂರಿಸಲು ಉಳಿಯಿಂದ ಕಡಿದ ಮೆಟ್ಟಿಲಿನಂಥ ಕಚ್ಚು. ಇಳಿಜಾರು ಬಂಡೆಯ ಮೇಲೆ ಕಟ್ಟಿದ ಗೋಡೆ ಜಾರದಿರಲು ಈ ಕಚ್ಚು ಬೇಕೇ ಬೇಕು. ಎರಡನೆಯದು, ಬಂಡೆಯ ಬುಡದಲ್ಲಿ ಉರುಳಿಬಿದ್ದ ಕಲ್ಲು. ಕಚ್ಚೂ ಇಲ್ಲ, ಬುಡದಲ್ಲಿ ಕಲ್ಲೂ ಇಲ್ಲ ಎಂದರೆ ಅಲ್ಲಿ ಗೋಡೆ ಇರಲೇ ಇಲ್ಲವೆಂದು ಬರೆಯಿರಿ. ಕಚ್ಚು ಇದ್ದು ಕಲ್ಲಿಲ್ಲದಿದ್ದರೆ ಕಲ್ಲನ್ನು ಯಾರೋ ಸಾಗಿಸಿದ್ದಾರೆ. ಕೆಳಗಿನ ಊರಿನ ಗೋಡೆಗಳಲ್ಲಿ ಅದೇ ಅಳತೆಯ ಕಲ್ಲು ಇದೆಯೇ ಎಂದು ನೋಡಿದರೆ ಬಹುತೇಕ ಸಿಗುತ್ತದೆ. ನಕ್ಷೆಯಲ್ಲಿ ಮೂರು ಬಗೆಯ ಗೆರೆ ಇರಲಿ: ನಿಂತ ಗೋಡೆಗೆ ದಪ್ಪ ಗೆರೆ, ಬಿದ್ದು ಗುರುತು ಉಳಿದ ಗೋಡೆಗೆ ಚುಕ್ಕಿ ಗೆರೆ, ಗೋಡೆಯ ಕೆಲಸ ಮಾಡುವ ಬಂಡೆಗೆ ಅಡ್ಡಗೀರುಗಳ ಗೆರೆ.

ಗುಡ್ಡ ಎಂದರೆ ಕೋಟೆ ಇರುವ ಗುಡ್ಡವೊಂದೇ ಅಲ್ಲ, ಸುತ್ತಲಿನವೂ ಸೇರುತ್ತವೆ. ಬಳ್ಳಾರಿ ಇದಕ್ಕೆ ಒಳ್ಳೆಯ ಪಾಠ. ಅಲ್ಲಿನ ಗುಡ್ಡದ ಮೇಲಿನ ಕೋಟೆ ವಿಜಯನಗರದ ಕಾಲದ ಹಂಡೆ ನಾಯಕ ಹನುಮಪ್ಪನದು. ಕೆಳಗಿನ ಕೋಟೆ ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಕಟ್ಟಿಸಿದ್ದು. ಪಕ್ಕದ ಕುಂಬಾರಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಿದ್ದುದನ್ನು ಗಮನಿಸದೆ ಕಟ್ಟಿದ್ದಕ್ಕೆ ಆ ಎಂಜಿನಿಯರನನ್ನು ಬಾಗಿಲಲ್ಲೇ ಗಲ್ಲಿಗೇರಿಸಿದರು ಎಂದು ಊರಿನ ಜನ ಹೇಳುತ್ತಾರೆ. ಅದು ಜನರ ಬಾಯಿಯ ಕಥೆ. ಆದರೆ ಕಥೆಯೊಳಗಿನ ಲೆಕ್ಕ ಗಟ್ಟಿ. ಬಿಲ್ಲು ಬಾಣದ ಕಾಲಕ್ಕೆ ಪಕ್ಕದ ಗುಡ್ಡದ ಎತ್ತರ ಅಂಥ ಅಪಾಯವಲ್ಲ, ತೋಪು (ಫಿರಂಗಿ) ಬಂದ ಮೇಲೆ ಅದೇ ಮೊದಲ ಅಪಾಯ. ಆದ್ದರಿಂದ ನೆತ್ತಿಯಲ್ಲಿ ನಿಂತು ಸುತ್ತಲಿನ ಪ್ರತಿ ಗುಡ್ಡಕ್ಕೂ ಮೂರು ವಿಷಯ ಬರೆದುಕೊಳ್ಳಿ: ಯಾವ ದಿಕ್ಕು, ನಕ್ಷೆಯಲ್ಲಿ ಎಷ್ಟು ದೂರ, ನಿಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲೋ ಕೆಳಗೋ. ಕೋಟೆಯ ಯಾವ ಮಗ್ಗುಲಿನ ಗೋಡೆ ದಪ್ಪ, ಯಾವ ಕಡೆ ಹೊರಗೋಡೆ ಆಮೇಲೆ ಸೇರಿತು ಎಂಬುದಕ್ಕೆ ಕಾರಣ ಎಷ್ಟೋ ಸಲ ಈ ಪಟ್ಟಿಯಲ್ಲೇ ಸಿಗುತ್ತದೆ.

ಯಾವಾಗ ಹತ್ತಬೇಕು, ಏನು ಒಯ್ಯಬೇಕು

ಒಂದೇ ಸಲ ಹತ್ತಿ ಎಲ್ಲ ಮುಗಿಸುವ ಆಸೆ ಬೇಡ. ಮಳೆಗಾಲ ಮುಗಿದ ಅಕ್ಟೋಬರ್-ನವೆಂಬರಿನಲ್ಲಿ ಒಮ್ಮೆ ಹೋಗಬೇಕು, ಆಗ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹರಿದು ಬರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಆ ಹೊತ್ತಿಗೆ ಹುಲ್ಲು ಸೊಂಟದೆತ್ತರ ಇದ್ದು ಗೋಡೆಯ ಬುಡ ಮುಚ್ಚಿರುತ್ತದೆ. ಗೋಡೆ ಅಳೆಯಲು ಹುಲ್ಲು ಒಣಗಿ ಬಿದ್ದ ಜನವರಿ-ಫೆಬ್ರವರಿ ಸರಿ. ಮಾರ್ಚ್ ನಂತರ ಈ ಸೀಮೆಯ ಬಂಡೆ ಹತ್ತು ಗಂಟೆಗೇ ಕಾದು ಕೂರುತ್ತದೆ, ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಳತೆ ತಪ್ಪುವುದೂ ಆಗಲೇ, ಜನ ತಲೆಸುತ್ತಿ ಬೀಳುವುದೂ ಆಗಲೇ.

ಒಯ್ಯಬೇಕಾದವು: 30 ಮೀಟರ್ ಟೇಪು, 5 ಮೀಟರ್ ಉಕ್ಕಿನ ಟೇಪು, ಗಾರೆ ಕೆಲಸದವರ ತೂಗುಗುಂಡು ಮತ್ತು ದಾರ, ದಿಕ್ಸೂಚಿ, ಗ್ರಾಫ್ ಹಾಳೆ, ಪೆನ್ಸಿಲ್ (ಬೆವರಿಗೆ ಪೆನ್ನಿನ ಶಾಯಿ ಹರಡುತ್ತದೆ), ಒಳ್ಳೆಯ ಟಾರ್ಚ್, ಒಂದು ಉದ್ದ ಕೋಲು, ಅಂಗೈಯಗಲದ ಕೆಂಪು ಬಟ್ಟೆ. ಒಂದು ಮೀಟರ್ ಉದ್ದದ ಮರದ ಪಟ್ಟಿಗೆ 20 ಸೆಂಟಿಮೀಟರಿಗೊಂದರಂತೆ ಕೆಂಪು, ಬಿಳಿ ಬಣ್ಣ ಬಳಿದು ಇಟ್ಟುಕೊಳ್ಳಿ. ಪ್ರತಿ ಫೋಟೋದಲ್ಲೂ ಅದು ಇರಲಿ. ಅಳತೆಪಟ್ಟಿ ಇಲ್ಲದ ಫೋಟೋದಿಂದ ಕಲ್ಲಿನ ಗಾತ್ರ ತಿಳಿಯುವುದಿಲ್ಲ. ಫೋನಿನಲ್ಲಿ ಆ ಜಾಗದ ಉಪಗ್ರಹ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ, ಮೇಲೆ ನೆಟ್‌ವರ್ಕ್ ಸಿಗದೆ ಹೋಗಬಹುದು. ತಲೆಗೆ ನಾಲ್ಕು ಲೀಟರ್ ನೀರು. ದೊಣೆಯ (ಬಂಡೆಯ ತಗ್ಗಿನಲ್ಲಿ ನಿಂತ) ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ.

ಹೊರಡುವ ಮುಂಚೆ ಕೋಟೆ ಯಾರ ರಕ್ಷಣೆಯಲ್ಲಿದೆ ಎಂದು ವಿಚಾರಿಸಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕವಾದರೆ 1958ರ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಜಾಗದಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿಂದ ಮುಂದೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯ ಇಲಾಖೆಯ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ನೋಡುವುದಕ್ಕೆ, ಬರೆದುಕೊಳ್ಳುವುದಕ್ಕೆ ತೊಂದರೆ ಇಲ್ಲ. ಟ್ರೈಪಾಡ್, ಡ್ರೋನ್ ಎಂದರೆ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಅಗೆಯುವುದು, ಕಲ್ಲು ಸರಿಸುವುದು ಎಲ್ಲಿಯೂ ಬೇಡ. ಅರಣ್ಯದ ಗಡಿಯೊಳಗಿನ ಗುಡ್ಡವಾದರೆ ಅರಣ್ಯ ಇಲಾಖೆಗೂ ತಿಳಿಸಬೇಕು. ಗ್ರಾಮ ಪಂಚಾಯಿತಿಗೆ ಹೇಳಿ ಹೋಗುವುದು ಕಾನೂನಿಗಿಂತಲೂ ನಿಮ್ಮ ಸಲುವಾಗಿಯೇ ಒಳ್ಳೆಯದು. ಟೇಪು ಹಿಡಿದು ಗುಡ್ಡ ಹತ್ತುವವರನ್ನು ಊರಿನವರು ಮೊದಲು ನಿಧಿಗಳ್ಳರೆಂದೇ ಶಂಕಿಸುತ್ತಾರೆ.

ಹೆಜ್ಜೇನು, ಕರಡಿ, ಚಿರತೆ ಈ ಗುಡ್ಡಗಳ ಖಾಯಂ ನಿವಾಸಿಗಳು. ಹೆಜ್ಜೇನು ಕೊತ್ತಲದ (ಗೋಡೆಯಿಂದ ಹೊರಚಾಚಿದ ಬುರುಜಿನ) ನೆರಳಿನ ಮಗ್ಗುಲಿಗೆ, ಚಾಚಿದ ಬಂಡೆಯ ಕೆಳಗೆ ಕಟ್ಟುತ್ತದೆ. ಅತ್ತರು, ಸುವಾಸನೆಯ ಎಣ್ಣೆ ಹಚ್ಚಿ ಹೋಗಬೇಡಿ, ಬೀಡಿ ಹಚ್ಚಬೇಡಿ, ಹುಟ್ಟು ಕಂಡರೆ ಆ ಮಗ್ಗುಲಿನ ಅಳತೆ ಬಿಟ್ಟುಬಿಡಿ. ಕರಡಿ ಹಗಲು ಗವಿಯಲ್ಲಿ ಮಲಗುತ್ತದೆ, ಆದ್ದರಿಂದ ಮಾತಾಡುತ್ತ ನಡೆಯಿರಿ, ಕತ್ತಲ ಗವಿಗೆ ಇಣುಕಬೇಡಿ, ಸಂಜೆ ಐದಕ್ಕೆಲ್ಲ ಇಳಿದುಬಿಡಿ. ಗೋಡೆಯ ಸಂದಿಗೆ ಎಂದೂ ಕೈ ಹಾಕಬೇಡಿ, ಕೋಲಿರುವುದು ಅದಕ್ಕೇ.

ಸುತ್ತು ಹಾಕುವ ಕ್ರಮ

ಮುಖ್ಯ ಹೆಬ್ಬಾಗಿಲಿನಿಂದ ಶುರು ಮಾಡಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ, ಮತ್ತೆ ಅಲ್ಲಿಗೇ ಬಂದು ಮುಗಿಸಿ. ಕೊತ್ತಲಗಳಿಗೆ ಕೊ1, ಕೊ2 ಎಂದು, ಬಾಗಿಲುಗಳಿಗೆ ಬಾ1, ಬಾ2 ಎಂದು, ದೊಣೆಗಳಿಗೆ ದೊ1, ದೊ2 ಎಂದು ಅದೇ ಕ್ರಮದಲ್ಲಿ ಸಂಖ್ಯೆ ಕೊಡಿ. ಗೋಡೆಯ ಮೇಲೆ ಬಣ್ಣದಲ್ಲಿ ಬರೆಯುವುದು ಬೇಡ. ಚೀಟಿಯಲ್ಲಿ ಬರೆದು ಫೋಟೋಕ್ಕೆ ಹಿಡಿದು, ಚೀಟಿಯನ್ನು ಜೇಬಿಗೆ ಹಾಕಿಕೊಳ್ಳಿ.

ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒರಗಿಸಿ ಅಳೆದರೆ ನಕ್ಷೆಗೆ ಬೇಕಾದ ಉದ್ದಕ್ಕಿಂತ ಹೆಚ್ಚು ಬರುತ್ತದೆ. 20 ಡಿಗ್ರಿ ಇಳಿಜಾರಿನಲ್ಲಿ 30 ಮೀಟರ್ ಟೇಪು ನಕ್ಷೆಯಲ್ಲಿ 28.2 ಮೀಟರ್ ಮಾತ್ರ. 30 ಡಿಗ್ರಿಯಲ್ಲಿ ಅದು 26 ಮೀಟರಿಗೆ ಇಳಿಯುತ್ತದೆ. ಹತ್ತು ಸಲ ಹೀಗೆ ಅಳೆದರೆ ಕೊನೆಯಲ್ಲಿ ಸುತ್ತು ಕೂಡುವುದೇ ಇಲ್ಲ. ಪರಿಹಾರ ಸುಲಭ: ಟೇಪನ್ನು ಮಟ್ಟವಾಗಿ ಹಿಡಿದು, ಕೆಳಗಿನ ತುದಿಯಿಂದ ತೂಗುಗುಂಡು ಇಳಿಬಿಟ್ಟು, ಗುಂಡು ಮುಟ್ಟಿದ ಜಾಗದಿಂದ ಮುಂದಿನ ಅಳತೆ. ಕಡಿದಾದ ಕಡೆ ಒಮ್ಮೆಗೆ 5 ಮೀಟರಿಗಿಂತ ಹೆಚ್ಚು ಎಳೆಯಬೇಡಿ, ಟೇಪು ಜೋಲುತ್ತದೆ. ಫೋನಿನ ಜಿಪಿಎಸ್ ಬಯಲಿನಲ್ಲೇ 5ರಿಂದ 10 ಮೀಟರ್ ಆಚೀಚೆ ತೋರಿಸುತ್ತದೆ, ದೊಡ್ಡ ಬಂಡೆಗಳ ನಡುವೆ ಇನ್ನೂ ಹೆಚ್ಚು. ಕೋಟೆ ಎಲ್ಲಿದೆ ಎಂದು ಹೇಳಲು ಅದು ಸಾಕು. ಗೋಡೆಯ ಉದ್ದ ಹೇಳಲು ಸಾಲದು.

ಗೋಡೆಯ ಎತ್ತರಕ್ಕೆ ಹತ್ತುವುದು ಬೇಕಿಲ್ಲ. ಗೋಡೆಯಿಂದ ಮಟ್ಟವಾಗಿ ಎಷ್ಟು ದೂರ ನಿಂತಿದ್ದೀರಿ ಎಂದು ಅಳೆದುಕೊಂಡು, ಫೋನಿನ ಕೋನ ಅಳೆಯುವ ಆ್ಯಪ್‌ನಿಂದ ಎರಡು ಕೋನ ತೆಗೆದುಕೊಳ್ಳಿ: ಕಣ್ಣಿನ ಮಟ್ಟದಿಂದ ಗೋಡೆಯ ತುದಿಗೆ, ಕಣ್ಣಿನ ಮಟ್ಟದಿಂದ ಗೋಡೆಯ ಬುಡಕ್ಕೆ. ದೂರ 12 ಮೀಟರ್, ತುದಿ 30 ಡಿಗ್ರಿ ಮೇಲೆ, ಬುಡ 10 ಡಿಗ್ರಿ ಕೆಳಗೆ ಎಂದುಕೊಳ್ಳಿ. 12 × 0.577 (30 ಡಿಗ್ರಿಯ tan ಬೆಲೆ) ಎಂದರೆ 6.9 ಮೀಟರ್, 12 × 0.176 (10 ಡಿಗ್ರಿಯ tan ಬೆಲೆ) ಎಂದರೆ 2.1 ಮೀಟರ್, ಎರಡನ್ನೂ ಕೂಡಿದರೆ ಗೋಡೆಯ ಎತ್ತರ 9 ಮೀಟರ್. ಬುಡ ನಿಮ್ಮ ಕಣ್ಣಿಗಿಂತ ಮೇಲಿದ್ದರೆ ಕೂಡುವ ಬದಲು ಕಳೆಯಬೇಕು. ಈ ಲೆಕ್ಕದಲ್ಲಿ ತುದಿಯ ಕೋನ ಒಂದು ಡಿಗ್ರಿ ತಪ್ಪಿದರೆ ಎತ್ತರ 28 ಸೆಂಟಿಮೀಟರ್ ತಪ್ಪುತ್ತದೆ. ಆದ್ದರಿಂದ ಮೂರು ಸಲ ನೋಡಿ ಸರಾಸರಿ ತೆಗೆಯಿರಿ, ವರದಿಯಲ್ಲಿ ‘9 ಮೀಟರ್, ಸುಮಾರು’ ಎಂದು ಬರೆಯಿರಿ, ‘9.05’ ಎಂದು ಬರೆಯಬೇಡಿ. ಕಲ್ಲಿನ ವರಸೆಗಳನ್ನು (ಒಂದರ ಮೇಲೊಂದು ಇಟ್ಟ ಸಾಲುಗಳನ್ನು) ಎಣಿಸಿ, ಕೆಳಗಿನ ನಾಲ್ಕೈದು ವರಸೆಗಳ ಸರಾಸರಿ ಎತ್ತರದಿಂದ ಗುಣಿಸಿದರೆ ತಾಳೆ ನೋಡಬಹುದು. ಮೇಲೆ ಹೋದಂತೆ ವರಸೆ ಸಣ್ಣದಾಗುವ ಗೋಡೆಗಳಲ್ಲಿ ಮಾತ್ರ ಇದು ಹೆಚ್ಚು ತೋರಿಸುತ್ತದೆ.

ಗೋಡೆ ಮೇಲೆ ಹೋದಂತೆ ಒಳಕ್ಕೆ ವಾಲಿರುವುದನ್ನೂ ಅಳೆಯಿರಿ. ತೂಗುಗುಂಡು ಗೋಡೆಯ ಬುಡ ಮುಟ್ಟುವ ಹಾಗೆ ದಾರವನ್ನು ಕೋಲಿನಿಂದ ಹೊರಗೆ ಹಿಡಿದು, 2 ಮೀಟರ್ ಎತ್ತರದಲ್ಲಿ ದಾರಕ್ಕೂ ಗೋಡೆಗೂ ಇರುವ ಅಂತರ ನೋಡಿ. 20 ಸೆಂಟಿಮೀಟರ್ ಇದ್ದರೆ ಹತ್ತಕ್ಕೆ ಒಂದರ ವಾಲು. ಇನ್ನೊಂದು ಜಾಗದಲ್ಲಿ ಅಂತರವೇ ಇಲ್ಲದಿದ್ದರೆ, ಅಥವಾ ಗೋಡೆಯೇ ದಾರವನ್ನು ಹೊರಕ್ಕೆ ತಳ್ಳಿದರೆ, ಅಲ್ಲಿ ಗೋಡೆ ಉಬ್ಬಿದೆ. ಮುಂದಿನ ಮಳೆಗಾಲದಲ್ಲಿ ಬೀಳುವ ಜಾಗ ಅದೇ ಇರಬಹುದು.

ಹೆಬ್ಬಾಗಿಲು

ಬಾಗಿಲಿಗೆ ಅರ್ಧ ದಿನ ಕೊಡಿ. ಕೋಟೆಯಲ್ಲಿ ಅತಿ ಹೆಚ್ಚು ಯೋಚನೆ ಖರ್ಚಾಗಿರುವುದು ಇಲ್ಲಿ. ದಾರಿ ನೇರ ಒಳಗೆ ಹೋಗುವುದಿಲ್ಲ. ಗೋಡೆಯ ಮಗ್ಗುಲಲ್ಲಿ ಬಂದು, ತಿರುಗಿ, ಇಕ್ಕಟ್ಟಾದ ಅಂಗಳದಲ್ಲಿ ಮತ್ತೊಮ್ಮೆ ತಿರುಗುತ್ತದೆ. ಆನೆಯನ್ನಾಗಲಿ ದಿಮ್ಮಿಯನ್ನಾಗಲಿ ಓಡಿಸಿಕೊಂಡು ಬಂದು ಕದಕ್ಕೆ ಗುದ್ದಲು ಜಾಗ ಸಿಗಬಾರದು ಎಂಬುದು ಇದರ ಉದ್ದೇಶ. ಪ್ರತಿ ತಿರುವಿನ ಮುಂಚಿನ ನೇರ ದಾರಿಯ ಉದ್ದ, ಅಗಲ, ಏರು ಇಷ್ಟನ್ನು ಅಳೆದರೆ ಆ ಉದ್ದೇಶ ಎಷ್ಟು ಮಟ್ಟಿಗೆ ಈಡೇರಿದೆ ಎಂಬುದು ಹಾಳೆಯ ಮೇಲೆ ಕಾಣುತ್ತದೆ.

ಕದ ಹೋಗಿರುತ್ತದೆ, ಆದರೆ ಕದದ ಲೆಕ್ಕ ಕಲ್ಲಿನಲ್ಲಿ ಉಳಿದಿರುತ್ತದೆ. ಹೊಸ್ತಿಲಲ್ಲಿ ಮತ್ತು ಮೇಲಿನ ತೊಲೆಗಲ್ಲಿನಲ್ಲಿ ಕದ ತಿರುಗುವ ದುಂಡನೆಯ ಕುಣಿಗಳನ್ನು ಹುಡುಕಿ. ಎಡ ಬಲ ಕುಣಿಗಳ ನಡುವಿನ ಅಂತರ ಎರಡು ಕದಗಳ ಒಟ್ಟು ಅಗಲ; ಕುಣಿಯ ವ್ಯಾಸ ತಿರುಗುವ ಗೂಟದ ದಪ್ಪ. ಕದದ ಹಿಂದೆ, ಇಕ್ಕೆಲದ ಗೋಡೆಯಲ್ಲಿ ಅಗುಳಿ ದಿಮ್ಮಿ ಕೂರುವ ಚೌಕ ತೂತು ಇರುತ್ತದೆ. ಎರಡೂ ಕಡೆಯ ಆಳವನ್ನು ಕೋಲಿನಿಂದ ನೋಡಿ. ಒಂದು ಕಡೆ ಗೇಣುದ್ದ, ಇನ್ನೊಂದು ಕಡೆ ಬಾಗಿಲಿನ ಅಗಲದಷ್ಟೇ ಆಳ ಇದ್ದರೆ, ಇಡೀ ದಿಮ್ಮಿಯನ್ನು ಗೋಡೆಯೊಳಗೆ ಸರಿಸಿ ಇಡುತ್ತಿದ್ದರು, ಹೊತ್ತಿಗೆ ಎಳೆದು ಅಡ್ಡ ಹಾಕುತ್ತಿದ್ದರು. ಎರಡೂ ಕಡೆ ಗಿಡ್ಡವಿದ್ದರೆ, ಒಂದು ಬದಿಯಲ್ಲಿ ದಿಮ್ಮಿಯನ್ನು ಮೇಲಿನಿಂದ ಇಳಿಸುವ ಕಚ್ಚು ಇದೆಯೇ ನೋಡಿ. ಅಗುಳಿಯ ತೂತು ಯಾವ ಬದಿಗಿದೆಯೋ ಅದೇ ಒಳಗು. ಹಲವು ಸುತ್ತಿನ ಕೋಟೆಯಲ್ಲಿ ಯಾವ ಬಾಗಿಲು ಯಾವ ಕಡೆಯಿಂದ ಬರುವವರನ್ನು ತಡೆಯುತ್ತಿತ್ತು ಎಂಬ ಗೊಂದಲ ಇದರಿಂದ ಬಗೆಹರಿಯುತ್ತದೆ.

ಇನ್ನು ಹೊಸ್ತಿಲ ಮುಂದೆ ನಿಂತು ತಲೆಯೆತ್ತಿ ಸುತ್ತ ನೋಡಿ. ಕಣ್ಣಿಗೆ ಕಾಣುವ ಪ್ರತಿ ಗೋಡೆ, ಕೊತ್ತಲ, ಬಂಡೆಯ ನೆತ್ತಿಯನ್ನು ಚಿತ್ರದಲ್ಲಿ ಗುರುತಿಸಿ. ನಿಮಗೆ ಕಂಡ ಜಾಗದಲ್ಲಿ ನಿಂತವನಿಗೆ ನೀವೂ ಕಾಣುತ್ತೀರಿ. ಒಳಗಿನ ಕಾವಲು ಕಟ್ಟೆಗಳ ಅಳತೆ, ಕಂಬಗಳ ಸಂಖ್ಯೆ, ಬಾಗಿಲ ಲಲಾಟದ ಕೆತ್ತನೆ, ಪಕ್ಕದ ಆಂಜನೇಯ ಅಥವಾ ಗಣಪತಿಯ ವಿಗ್ರಹ ಎಲ್ಲವನ್ನೂ ಬರೆದುಕೊಳ್ಳಿ. ಪೂಜೆ ನಡೆಯುವ ವಿಗ್ರಹವಾದರೆ ಪೂಜಾರಿಯನ್ನು ಕೇಳಿ ಫೋಟೋ ತೆಗೆಯಿರಿ. ದಿಡ್ಡಿ ಬಾಗಿಲು, ಕಳ್ಳಗಂಡಿಗಳನ್ನು ನೀವಾಗಿ ಹುಡುಕುವುದು ಕಷ್ಟ. ಅವು ಕುರಿಗಾಹಿಗಳಿಗೆ ಗೊತ್ತು.

ಕೊತ್ತಲ, ಕಿಂಡಿ ಮತ್ತು ಕೆಂಪು ಬಟ್ಟೆ

ಕೊತ್ತಲ ಹೊರಗೆ ಎಷ್ಟು ಚಾಚಿದೆ, ಚೌಕವೋ ದುಂಡೋ, ಮುಂದಿನ ಕೊತ್ತಲಕ್ಕೆ ಎಷ್ಟು ದೂರ ಎಂಬುದು ಮೊದಲ ಅಳತೆ. ನೆತ್ತಿಯಲ್ಲಿ ದುಂಡನೆಯ ಕಟ್ಟೆ, ಅದರ ನಡುವೆ ಗೂಟ ನೆಡುವ ಕುಣಿ ಇದ್ದರೆ ಅಲ್ಲಿ ತಿರುಗಿಸುವ ತೋಪು ಇತ್ತು. ಕೈಪಿಡಿ ಗೋಡೆಯ (ನೆತ್ತಿಯ ಅಂಚಿನ ಗಿಡ್ಡ ಗೋಡೆಯ) ತೆನೆಗಳಲ್ಲಿ, ಎಂದರೆ ಹಲ್ಲಿನಂತೆ ಎದ್ದ ಭಾಗಗಳಲ್ಲಿ, ಬಂದೂಕಿನ ಕಿಂಡಿ ಹುಡುಕಿ: ಹೊರಗೆ ಕಿರಿದು, ಒಳಗೆ ಅಗಲ. ಕಿಂಡಿಯೊಳಗೆ ಕೋಲು ತೂರಿಸಿದರೆ ಅದು ಯಾವ ಕಡೆಗೆ, ಎಷ್ಟು ಕೆಳಮುಖವಾಗಿ ಗುರಿ ಇಟ್ಟಿದೆ ಎಂಬುದು ತಿಳಿಯುತ್ತದೆ. ಕಡಿದಾದ ಕೆಳಮುಖವಾದರೆ ಬುಡಕ್ಕೆ ಬಂದವರಿಗೆ, ಮಟ್ಟವಾಗಿದ್ದರೆ ದೂರದಲ್ಲಿರುವವರಿಗೆ.

ಕೋಟೆಯ ದುರ್ಬಲ ಜಾಗ ಗೊತ್ತಾಗುವುದು ಕೆಂಪು ಬಟ್ಟೆಯ ಪರೀಕ್ಷೆಯಿಂದ. ಒಬ್ಬರು ಕೊತ್ತಲದ ಮೇಲೆ, ಕೈಪಿಡಿ ಗೋಡೆಯ ಹಿಂದೆ ನಿಲ್ಲಬೇಕು. ಇನ್ನೊಬ್ಬರು ಬಟ್ಟೆಯನ್ನು ಎದೆಯ ಮಟ್ಟದಲ್ಲಿ ಹಿಡಿದು ಗೋಡೆಯ ಹೊರಬುಡದಲ್ಲಿ ನಡೆಯಬೇಕು. ಬಟ್ಟೆ ಕಾಣದಾದ ಕೂಡಲೇ ಮೇಲಿನವರು ಕೈಯೆತ್ತಬೇಕು, ಕೆಳಗಿನವರು ಅಲ್ಲಿಂದ ಮತ್ತೆ ಕಾಣುವ ತನಕ ಹೆಜ್ಜೆ ಎಣಿಸಬೇಕು. ಆ ಜಾಗವನ್ನು ಪಕ್ಕದ ಕೊತ್ತಲದಿಂದಲೂ ನೋಡಿ. ಯಾವ ಕೊತ್ತಲಕ್ಕೂ ಕಾಣದ ಬುಡ ಉಳಿದರೆ ನಕ್ಷೆಯಲ್ಲಿ ಅದಕ್ಕೆ ಬಣ್ಣ ತುಂಬಿ. ಅಲ್ಲಿ ಎರಡನೇ ಗೋಡೆ ಸೇರಿಸಿದ ಕುರುಹು, ಕಡಿದ ಬಂಡೆ, ಮುಚ್ಚಿದ ಸಂದಿ ಸಿಗುವ ಸಾಧ್ಯತೆ ಹೆಚ್ಚು. ಕೋಟೆಯೊಳಗಿದ್ದವರೂ ಆ ಕೊರತೆಯನ್ನು ಕಂಡವರೇ. ನೆನಪಿಡಿ, ತೆನೆಗಳು ಬಿದ್ದ ಕಡೆ ಇಂದು ಕಾಣುವುದು ಅಂದು ಕಾಣುತ್ತಿದ್ದುದಕ್ಕಿಂತ ಹೆಚ್ಚು. ಗಾಳಿ ಇರುವ ದಿನ, ಕೈಪಿಡಿ ಗೋಡೆ ಇಲ್ಲದ ಅಂಚಿನಲ್ಲಿ ಈ ಪರೀಕ್ಷೆ ಬೇಡ.

ನೀರು

ಗೋಡೆ ಎಷ್ಟೇ ಎತ್ತರವಿರಲಿ, ಒಳಗೆ ನೀರಿಲ್ಲದಿದ್ದರೆ ಕೋಟೆ ನಿಲ್ಲುವುದಿಲ್ಲ. ಕೊಪ್ಪಳದ ಕೋಟೆಯನ್ನು ಟಿಪ್ಪು 1786ರಲ್ಲಿ ಪಾಳೇಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1790-91ರಲ್ಲಿ ನಿಜಾಮ ಮತ್ತು ಬ್ರಿಟಿಷರ ಸೇನೆ ಅದನ್ನು ಹಿಡಿಯಲು ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು. ಅಂಥ ಮುತ್ತಿಗೆಯನ್ನು ತಡೆಯುವ ಕೋಟೆಯ ಬಲವನ್ನು ಗೋಡೆಯ ಮೀಟರಿನಲ್ಲಷ್ಟೇ ಅಲ್ಲ, ದೊಣೆಯ ಲೀಟರಿನಲ್ಲೂ ಅಳೆಯಬೇಕು. ಆದರೂ ಹೆಚ್ಚಿನ ವರದಿಗಳು ‘ಮೇಲೆ ಕೆಲವು ಹೊಂಡಗಳಿವೆ’ ಎಂಬ ಒಂದು ಸಾಲಿಗೆ ನಿಲ್ಲುವುದು ನಿಜಕ್ಕೂ ಬೇಸರದ ಸಂಗತಿ.

ದೊಣೆ ಬಂಡೆಯ ಸಹಜ ತಗ್ಗು. ಅದರ ಒಂದು ಬದಿಗೆ ಗಚ್ಚಿನ ಕಟ್ಟೆ ಕಟ್ಟಿ ಹೆಚ್ಚು ನೀರು ನಿಲ್ಲುವಂತೆ ಮಾಡಿರುವುದೂ ಉಂಟು. ಅತಿ ಉದ್ದ, ಅತಿ ಅಗಲ ಅಳೆಯಿರಿ. ಆಳಕ್ಕೆ ದಾರಕ್ಕೆ ಕಲ್ಲು ಕಟ್ಟಿ ಐದಾರು ಕಡೆ ಇಳಿಬಿಟ್ಟು ಸರಾಸರಿ ತೆಗೆಯಿರಿ. ನೀರಿಗಿಳಿಯಬೇಡಿ, ಪಾಚಿ ಹಿಡಿದ ಬಂಡೆಯಿಂದ ಮೇಲೆ ಬರಲಾಗುವುದಿಲ್ಲ. ಮೊಟ್ಟೆಯಾಕಾರದ ದೊಣೆಗೆ ಉದ್ದ × ಅಗಲ × ಸರಾಸರಿ ಆಳ × 0.785. ಉದ್ದ 8, ಅಗಲ 5, ಆಳ 1.5 ಮೀಟರ್ ಇದ್ದರೆ 47 ಘನ ಮೀಟರ್, ಎಂದರೆ 47 ಸಾವಿರ ಲೀಟರ್. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಇಟ್ಟುಕೊಂಡರೆ 100 ಜನಕ್ಕೆ 400 ಲೀಟರ್. 117 ದಿನ ಬರುತ್ತದೆ ಎನಿಸುತ್ತದೆ.

ಇಲ್ಲಿಯೇ ಎಲ್ಲರೂ ಎಡವುವುದು. ನಮ್ಮ ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಆರುತ್ತದೆ. ಈ ದೊಣೆಯ ಮೇಲ್ಮೈ 31 ಚದರ ಮೀಟರ್, ಹಾಗಾಗಿ ದಿನಕ್ಕೆ 310 ಲೀಟರಿನಷ್ಟು ಬಿಸಿಲಿಗೇ ಹೋಗುತ್ತದೆ. ಜನ ಕುಡಿಯುವುದೂ ಬಿಸಿಲು ಕುಡಿಯುವುದೂ ಸೇರಿದರೆ ಸುಮಾರು ಎರಡು ತಿಂಗಳಷ್ಟೇ ಬರುತ್ತದೆ. ಕುದುರೆ, ಎತ್ತು ಇದ್ದರೆ ಇನ್ನೂ ಬೇಗ. ಆದ್ದರಿಂದ ಪ್ರತಿ ದೊಣೆಯ ಮುಂದೆ ನೆರಳಿನ ಲೆಕ್ಕವನ್ನೂ ಬರೆಯಿರಿ: ಮಧ್ಯಾಹ್ನದ ಬಿಸಿಲು ಬೀಳುತ್ತದೆಯೇ, ಚಾಚಿದ ಬಂಡೆಯ ಕೆಳಗಿದೆಯೇ. ಆಳವಾದ, ಇಕ್ಕಟ್ಟಾದ, ನೆರಳಿನ ದೊಣೆ ಸಣ್ಣದಾದರೂ ಅಗಲವಾದ ಬಯಲು ಹೊಂಡಕ್ಕಿಂತ ಬೆಲೆಯುಳ್ಳದ್ದು. ದಾರಿಯಿಂದ ದೂರವಿದ್ದರೂ ಅಂಥ ದೊಣೆಗೆ ಮೆಟ್ಟಿಲು ಕಡಿದಿದ್ದರೆ ಕಾರಣ ಇದೇ.

ನೀರು ಬರುವ ದಾರಿಯನ್ನೂ ಹಿಡಿಯಿರಿ. 1000 ಚದರ ಮೀಟರ್ ಬೋಳುಬಂಡೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 10 ಸಾವಿರ ಲೀಟರ್. ಅದನ್ನು ದೊಣೆಗೆ ತಿರುಗಿಸಲು ಬಂಡೆಯಲ್ಲಿ ಬೆರಳಗಲದಿಂದ ಗೇಣಗಲದವರೆಗೆ ಕಡಿದ ಕಾಲುವೆಗಳಿರುತ್ತವೆ, ಕೆಲವು ಕಡೆ ಬಂಡೆಯ ಮೇಲೆ ಓರೆಯಾಗಿ ಗಾರೆಯ ಸಣ್ಣ ಬದು ಇರುತ್ತದೆ. ಬದು ಹೋಗಿದ್ದರೂ ಬಂಡೆಯ ಮೇಲೆ ಸುಣ್ಣದ ಬಿಳಿ ಕಲೆ ಉಳಿದಿರುತ್ತದೆ. ಅಕ್ಟೋಬರಿನಲ್ಲಿ ಹೋಗಿ ಎಂದದ್ದು ಈ ಕಾರಣಕ್ಕೆ. ಮತ್ತೆ ಊರಿನ ಹಿರಿಯ ಕುರಿಗಾಹಿಯನ್ನು ಕೇಳಿ: “ಯಜ್ಜಾ, ಬ್ಯಾಸಿಗ್ಯಾಗ ಮ್ಯಾಲೆ ಕುರಿಗೆ ನೀರು ಎಲ್ಲಿ ಕುಡಸ್ತೀರಿ?” ಏಪ್ರಿಲಿನಲ್ಲೂ ಆರದ ದೊಣೆ ಯಾವುದೆಂದು ಇದೊಂದು ಪ್ರಶ್ನೆಯಿಂದ ತಿಳಿಯುತ್ತದೆ. ಅವರು ಹೇಳುವ ಹೆಸರನ್ನೇ ನಕ್ಷೆಗೆ ಬರೆಯಿರಿ.

ಕಣಜ, ಎಣ್ಣೆ-ತುಪ್ಪದ ಕೊಳ, ಸಿಡಿಮದ್ದಿನ ಮನೆಗಳನ್ನು ಒಂದರ ಜೊತೆ ಒಂದು ಬೆರೆಸಬೇಡಿ. ಕಣಜಕ್ಕೆ ಮೇಲಿನಿಂದ ಕಾಳು ಸುರಿಯುವ ತೂತು ಇರುತ್ತದೆ. ಕೊಳದ ಒಳಮೈಗೆ ನುಣುಪಾದ ಗಚ್ಚು, ಮೂಲೆಗಳು ದುಂಡಗೆ. ಮದ್ದಿನ ಮನೆ ವಸತಿಯಿಂದ ದೂರ, ಗೋಡೆ ತೀರ ದಪ್ಪ, ಗಾಳಿಕಿಂಡಿ ನೇರವಿಲ್ಲದೆ ಅಂಕುಡೊಂಕು; ಹೊರಗಿನ ಕಿಡಿ ಒಳಗೆ ಹಾರಬಾರದಲ್ಲ. ಮೂರೂ ಗೊತ್ತಾಗದಿದ್ದರೆ ‘ಕೋಣೆ, ಬಳಕೆ ತಿಳಿಯದು’ ಎಂದೇ ಬರೆಯಿರಿ.

ಕಲ್ಲು ನೋಡಿ ಕಾಲ ಹೇಳುವಾಗ

ಗಾರೆ ಇಲ್ಲದ ಭಾರಿ ಕಲ್ಲಿನ ಗೋಡೆ ಹಳೆಯದು, ಗಾರೆ ಮತ್ತು ಬಂದೂಕಿನ ಕಿಂಡಿ ಇರುವುದು ಆಮೇಲಿನದು ಎಂಬ ನಿಯಮ ಸ್ಥೂಲವಾಗಿ ಸರಿ. ರಾಯಚೂರಿನ ಒಳಕೋಟೆ ಇದಕ್ಕೆ ಅಳತೆಗೋಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿಯ ಮಂತ್ರಿ ವಿಠ್ಠಲ ಅದನ್ನು ಕಟ್ಟಿಸಿದನೆಂದು 41 ಅಡಿಗೂ ಉದ್ದದ ಕಲ್ಲಿನ ಶಾಸನ ಹೇಳುತ್ತದೆ. ಅಂಥ ಕಲ್ಲನ್ನು ಗಾಡಿಗೆ ಹೇರಿ ಜಾನುವಾರುಗಳ ಸಾಲು ಹೂಡಿ ಎಳೆಸಿದ ಚಿತ್ರವನ್ನೂ ಅಲ್ಲೇ ಗೀರಿದ್ದಾರೆ. ಹೊರಸುತ್ತು ಆದಿಲಶಾಹಿಗಳ ಕಾಲದ್ದು. ಒಂದೇ ಕೋಟೆಯಲ್ಲಿ ಎರಡು ಕಾಲದ ಕೈಕೆಲಸ ನೋಡಿ ಕಣ್ಣು ಪಳಗಿಸಿಕೊಳ್ಳಲು ರಾಯಚೂರಿನಲ್ಲಿ ಒಂದು ದಿನ, ಮುದಗಲ್ಲಿನಲ್ಲಿ ಒಂದು ದಿನ ಕಳೆಯಿರಿ. ಆಮೇಲೆ ನಿಮ್ಮ ಗುಡ್ಡಕ್ಕೆ ಹೋಗಿ.

ಮೋಸಹೋಗುವ ಜಾಗ ಒಂದಿದೆ. ಗೋಡೆಯಲ್ಲಿ ವೀರಗಲ್ಲು, ದೇವಸ್ಥಾನದ ಕಂಬ, ಶಾಸನದ ತುಂಡು ಸಿಕ್ಕರೆ ಅದರ ಕಾಲವನ್ನೇ ಗೋಡೆಗೆ ಹಚ್ಚುತ್ತಾರೆ. ಹಳೆಯ ಕಲ್ಲನ್ನು ತಂದು ಕಟ್ಟಿದ್ದರೆ ಗೋಡೆ ಆ ಕಲ್ಲಿಗಿಂತ ಈಚಿನದು ಎಂಬುದಷ್ಟೇ ಸಾಬೀತಾಗುತ್ತದೆ. ಅಕ್ಷರ ತಲೆಕೆಳಗಾಗಿದ್ದರೆ, ಸಾಲು ಅರ್ಧಕ್ಕೆ ತುಂಡಾಗಿದ್ದರೆ, ಅದು ಬೇರೆಡೆಯಿಂದ ಬಂದ ಕಲ್ಲು. ಹೆಚ್ಚು ನಂಬಬಹುದಾದ ಸಾಕ್ಷಿ ಎರಡು ಗೋಡೆ ಸೇರುವ ಜಾಗ. ಒಂದರ ವರಸೆ ಇನ್ನೊಂದರೊಳಗೆ ಹೆಣೆದಿದ್ದರೆ ಎರಡೂ ಒಂದೇ ಸಲ ಕಟ್ಟಿದವು. ನೆಟ್ಟಗೆ ಒಂದು ಸಂದು ಮೇಲಿನಿಂದ ಕೆಳಗಿನ ತನಕ ಬಂದಿದ್ದರೆ, ಒರಗಿ ನಿಂತದ್ದು ಆಮೇಲಿನದು. ಈ ಸಂದುಗಳ ಫೋಟೋ ಎಷ್ಟಿದ್ದರೂ ಹೆಚ್ಚಲ್ಲ.

ಬಂಡೆ ಸೀಳಿದ ಗುರುತನ್ನೂ ನೋಡಿ. ಹಳೆಯ ಕೆಲಸದಲ್ಲಿ ಬೆಣೆ ಹೊಡೆಯಲು ಕಡಿದ ಚೌಕ ಕುಣಿಗಳ ಸಾಲು ಇರುತ್ತದೆ. ಕುಣಿಯ ಉದ್ದ, ಆಳ, ನಡುವಿನ ಅಂತರ ಅಳೆದು, ಗೋಡೆಯ ಕಲ್ಲಿನ ಅಂಚಿನಲ್ಲಿರುವ ಕುಣಿಗೆ ಹೋಲಿಸಿದರೆ ಕಲ್ಲು ಅಲ್ಲಿಯದೇ ಎಂದು ಹೇಳಬಹುದು. ಉದ್ದನೆಯ, ದುಂಡನೆಯ, ಸಮನಾದ ತೂತಿನ ಗೆರೆ ಕಂಡರೆ ಅದು ಯಂತ್ರದ ಡ್ರಿಲ್. ಕೋಟೆಯ ಗುಡ್ಡದಲ್ಲಿ ಅದು ಹೊಸದಾಗಿ ಕಂಡರೆ ದಿನಾಂಕ ಹಾಕಿ ಫೋಟೋ ತೆಗೆದು ತಕ್ಷಣ ಇಲಾಖೆಗೆ ತಿಳಿಸಿ.

ಶಾಸನ

ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ, ಬಣ್ಣ ತುಂಬಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ತಪ್ಪು ಓದಿಗೆ ಬಣ್ಣ ತುಂಬಿದರೆ ಆ ತಪ್ಪೇ ಕಲ್ಲಿಗೆ ಅಂಟಿಕೊಳ್ಳುತ್ತದೆ. ಬೇಕಿರುವುದು ಓರೆ ಬೆಳಕು. ಮೂಡಣ ಮುಖದ ಶಾಸನಕ್ಕೆ ಬಿಸಿಲು ಓರೆಯಾಗಿ ಸವರುವ ಹೊತ್ತು ಒಂದಿರುತ್ತದೆ, ಅದಕ್ಕೆ ಕಾಯಬೇಕು. ನೆರಳಿನಲ್ಲಿದ್ದರೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಬದಿಗೆ ಹಿಡಿದು, ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಒಂದೊಂದು ಫೋಟೋ. ಮೊದಲು ಇಡೀ ಕಲ್ಲು, ಆಮೇಲೆ ಸಾಲು ಸಾಲು, ಎಲ್ಲದರಲ್ಲೂ ಅಳತೆಪಟ್ಟಿ. ಶಾಸನದ ಮೇಲೆ ಕಾಗದ ಒತ್ತಿ ಅಚ್ಚು ತೆಗೆಯುವ ಕೆಲಸವನ್ನು ಅದನ್ನು ಕಲಿತವರಿಗೆ ಬಿಡಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕನ ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಅಲ್ಲಿಯ ತನಕ ಅವೂ ಊರ ಪಕ್ಕದ ಬಂಡೆಯ ಗೀರುಗಳೇ. ಅರ್ಥವಾಗದ ಗೀರನ್ನೂ ಬಿಡಬೇಡಿ.

ಹಾನಿಯ ಪಟ್ಟಿ

ಎರಡು ಕಲ್ಲಿನ ಮುಖಗಳ ನಡುವೆ ಮಣ್ಣು, ಸಣ್ಣಕಲ್ಲು ತುಂಬಿದ ಗೋಡೆಗಳು ಇವು. ಮೇಲಿನ ಹಾಸುಗಲ್ಲು ಹೋದರೆ ಮಳೆನೀರು ಒಳಗಿಳಿದು, ಮಣ್ಣು ನೆನೆದು ಹಿಗ್ಗಿ, ಮುಖದ ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. ಉಬ್ಬು, ಬಿರುಕು, ಮರ, ಹೊಸ ಗುಂಡಿ ಪ್ರತಿಯೊಂದಕ್ಕೂ ಕೊತ್ತಲದ ಸಂಖ್ಯೆ ಹಿಡಿದು ಜಾಗ ಬರೆಯಿರಿ. ಗೋಡೆಯ ಮೇಲಿನ ಅರಳಿ, ಆಲ, ಗೋಣಿ ಗಿಡವನ್ನು ಕೀಳಬೇಡಿ. ಬೇರು ಕಲ್ಲನ್ನು ತಬ್ಬಿರುತ್ತದೆ, ಗಿಡದ ಜೊತೆ ಗೋಡೆಯೂ ಬರುತ್ತದೆ. ಬರೀ ಕಾಂಡ ಕಡಿದರೆ ಎರಡು ಪಟ್ಟು ಚಿಗುರುತ್ತದೆ. ಉತ್ಸಾಹದಿಂದ ಸಿಮೆಂಟು ಮೆತ್ತುವುದು ಎಲ್ಲಕ್ಕಿಂತ ಕೆಟ್ಟದ್ದು: ಒಳಗಿನ ನೀರು ಹೊರಬರುವ ದಾರಿ ಮುಚ್ಚಿ ಗೋಡೆ ಇನ್ನೂ ಬೇಗ ಉಬ್ಬುತ್ತದೆ. ದುರಸ್ತಿ ಸುಣ್ಣದ ಗಾರೆಯಲ್ಲಿ, ತಿಳಿದವರ ಕೈಯಲ್ಲಿ ಆಗಬೇಕು. ಊರಿನವರು ಸೇರಿ ಮಾಡಬಹುದಾದ ಕೆಲಸ ಎಂದರೆ ಪ್ಲಾಸ್ಟಿಕ್ ಆಯುವುದು, ಬಾಗಿಲ ಒಳಗಿನ ಹುಲ್ಲು ಕೊಯ್ಯುವುದು, ಕಾವಲು ಕಾಯುವುದು.

ಇಳಿದ ಮೇಲೆ

ಅಳತೆಗಳನ್ನು ಅದೇ ರಾತ್ರಿ ಶುದ್ಧಪ್ರತಿ ಮಾಡಿ. ವಾರ ಬಿಟ್ಟರೆ ನಿಮ್ಮ ಗೀಚುಬರಹ ನಿಮಗೇ ಅರ್ಥವಾಗುವುದಿಲ್ಲ. ಗೀಚಿದ ಮೂಲ ಹಾಳೆಯನ್ನು ಬಿಸಾಡಬೇಡಿ, ಶುದ್ಧಪ್ರತಿಯಲ್ಲಿ ಅನುಮಾನ ಬಂದಾಗ ತೀರ್ಪು ಹೇಳುವುದು ಅದೇ. ಫೋಟೋಗಳ ಹೆಸರು ‘ಊರು-ಕೊ3-ಹೊರಮುಖ-ಪಡುವಣ-ದಿನಾಂಕ’ ಎಂಬ ರೀತಿ ಇರಲಿ. ನಕ್ಷೆಯ ಮೇಲೆ ಉತ್ತರ ದಿಕ್ಕು, ಅಳತೆಯ ಪ್ರಮಾಣ, ಅಳೆದವರ ಹೆಸರು, ದಿನಾಂಕ ಈ ನಾಲ್ಕು ಇಲ್ಲದಿದ್ದರೆ ಅದನ್ನು ಯಾರೂ ಬಳಸಲಾರರು. ನೀವು ಕಣ್ಣಾರೆ ಅಳೆದದ್ದು, ಊರಿನವರು ಹೇಳಿದ್ದು, ನೀವು ಊಹಿಸಿದ್ದು ಈ ಮೂರಕ್ಕೂ ಬೇರೆ ಬೇರೆ ಭಾಗ ಮಾಡಿ. ಒಂದು ಪ್ರತಿ ಪುರಾತತ್ವ ಇಲಾಖೆಗೆ, ಒಂದು ಊರಿನ ಶಾಲೆಗೆ, ಒಂದು ಪಂಚಾಯಿತಿಗೆ. ಕೀಳಲು ಸುಲಭವಾದ ವಿಗ್ರಹ, ಕಾವಲಿಲ್ಲದ ಶಾಸನದ ಕರಾರುವಾಕ್ಕಾದ ಜಾಗವನ್ನು ಇಲಾಖೆಯ ಪ್ರತಿಯಲ್ಲಿ ಮಾತ್ರ ಬರೆಯಿರಿ; ಇಂಟರ್ನೆಟ್ಟಿಗೆ ಹಾಕುವ ಪ್ರತಿಯಿಂದ ಅದನ್ನು ತೆಗೆದುಹಾಕಿ, ಫೋಟೋದೊಳಗೆ ಫೋನು ತಾನಾಗಿ ಸೇರಿಸುವ ಜಿಪಿಎಸ್ ಗುರುತನ್ನೂ ಅಳಿಸಿ.